ಕಾಂತಮ್ಮನ ಕಾರು ತಣ್ಣಗಿದೆಯೆಂಬ ಪ್ರಮಾಣಪತ್ರ

ರಾಬರ್ಟ್‌ಸನ್‌ಪೇಟೆಯ ಹಿಂಬದಿಯ ಹಳೇ ಕ್ವಾರ್ಟರ್ಸಿನ ಆವರಣದೊಳಗೆ ಯಾವುದೇ ವಸ್ತು ಸೋರಲು ಆರಂಭಿಸಿದರೆ, ಆ ಗಳಿಗೆಯಿಂದ ಅದು ಮನೆಯವರದ್ದಲ್ಲ, ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ್ದು. ಇದು ಸಂಘದ ನಿಯಮ. ನಲ್ಲಿ ಸೋರಿದರೂ ಅಷ್ಟೇ, ಸೂರು ಸೋರಿದರೂ ಅಷ್ಟೇ. ಮಕ್ಕಳ ಮೂಗನ್ನು ಮಾತ್ರ ಸದ್ಯಕ್ಕೆ ತಾಯಂದಿರಿಗೇ ಬಿಟ್ಟಿದ್ದಾರೆ. ಮುಂದಿನ ಮಹಾಸಭೆಯಲ್ಲಿ ಅದೂ ಏನಾಗುತ್ತದೋ ಯಾರು ಕಂಡರು.

ಈ ನಿಯಮ ಚಿನ್ನದ ಗಣಿಯಿಂದ ಬಂದದ್ದು ಎಂದು ಸಂಘದ ಕಾರ್ಯದರ್ಶಿ ಸೆಲ್ವರಾಜ್ ಹೇಳುತ್ತಾರೆ. ಗಣಿ ನಡೆಯುತ್ತಿದ್ದಾಗ ನೆಲದಡಿಯಲ್ಲಿ ಏನೇ ಕೆಟ್ಟರೂ ಅದರ ಸುತ್ತ ಸುಣ್ಣದ ಗೆರೆ ಎಳೆದು, ಕೆಂಪು ಬಟ್ಟೆ ಕಟ್ಟಿ, ಉಸ್ತುವಾರಿಯ ಕ್ಯಾಪ್ಟನ್ ಬಂದು ನೋಡುವವರೆಗೆ ಯಾರೂ ಮುಟ್ಟಬಾರದು ಅಂತಿತ್ತಂತೆ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಕ್ಯಾಪ್ಟನ್ನರೂ ಹೋದರು, ಚಿನ್ನವೂ ಹೋಯಿತು. ಮುಟ್ಟಬಾರದು ಅನ್ನುವುದೊಂದು ಉಳಿಯಿತು. ಸೆಲ್ವರಾಜ್ ಅದನ್ನು ಚಾಂಪಿಯನ್ ರೀಫ್ಸ್ ಗಣಿಯಿಂದ ಜೋಪಾನವಾಗಿ ಹೊತ್ತು ತಂದು ಕ್ವಾರ್ಟರ್ಸಿಗೆ ಒಪ್ಪಿಸಿದರು. ಅವರು ಗಣಿಯಲ್ಲಿದ್ದದ್ದು ಹಾಜರಿ ಹಾಕುವ ಟೈಂ ಆಫೀಸಿನಲ್ಲಿ, ಫ್ಯಾನಿನ ಕೆಳಗೆ. ಆದರೆ ಮಾತು ಕೇಳಿದರೆ ಅರ್ಧ ಚಿನ್ನವನ್ನು ಅವರೇ ಉಗುರಿನಲ್ಲಿ ಕೆರೆದು ತೆಗೆದಂತಿರುತ್ತದೆ.

ನಿಯಮ ಚೆನ್ನಾಗಿಯೇ ನಡೆದುಕೊಂಡು ಬಂದಿದೆ. ಹೋದ ಮಳೆಗಾಲದಲ್ಲಿ ಹಿಂದಿನ ಕಾಂಪೌಂಡ್ ಗೋಡೆ ಬಿರುಕು ಬಿಟ್ಟು ನೀರು ಜಿನುಗಿತು. ಕೆಂಪು ಬಟ್ಟೆ ಕಟ್ಟಿದರು. ಸಂಘದವರು ಬಂದು ನೋಡುವ ಹೊತ್ತಿಗೆ ಗೋಡೆಯೇ ಬಿದ್ದುಹೋಗಿತ್ತು. ಬಿದ್ದ ಗೋಡೆಯಲ್ಲಿ ನೀರು ಜಿನುಗುವುದಿಲ್ಲವಾದ ಕಾರಣ “ಸೋರಿಕೆ ಕಂಡುಬಂದಿಲ್ಲ” ಎಂದು ಪ್ರಮಾಣಪತ್ರ ಹೊರಬಿತ್ತು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಅಧ್ಯಕ್ಷ ಆಂಜಿನಪ್ಪನವರ ಬಚ್ಚಲು ನಲ್ಲಿ ತೊಟ್ಟಿಕ್ಕಿತ್ತು. ಅದಕ್ಕೂ ಕೆಂಪು ಬಟ್ಟೆ. ಅಧ್ಯಕ್ಷರು ಬೇಸಿಗೆ ಪೂರ್ತಿ ತಮ್ಮ ನಲ್ಲಿ ತಾವೇ ಮುಟ್ಟುವಂತಿಲ್ಲದೆ, ಟವಲ್ ಹೆಗಲಿಗೆ ಹಾಕಿಕೊಂಡು ಮನೆಮನೆ ಸ್ನಾನ ಮಾಡಿದರು. ಕೊನೆಗೆ ಮೇಲಿನ ತೊಟ್ಟಿಯೇ ಒಣಗಿತು. ಸೋರಿಕೆ ಕಂಡುಬಂದಿಲ್ಲ.

ಆ ನಲ್ಲಿಯ ಮೇಲೆ ದೂರು ಕೊಟ್ಟವರು ಕಾಂತಮ್ಮ. ಇದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಂಜಿನಪ್ಪ ಮರೆತಿರಲಿಲ್ಲ.

ಕಾಂತಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯವರು. ಗಂಡ ವಿಶ್ವನಾಥ್ ತಿಪಟೂರು ಕಡೆಯಿಂದ ಬಂದು ಇಲ್ಲಿನ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಸಾಧು ಮನುಷ್ಯ. ಮನೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರಿದೆ. ಆರ್‌ಸಿ ಪುಸ್ತಕದಲ್ಲಿ ಅದು ವಿಶ್ವನಾಥ್ ಅವರದ್ದು, ಉಳಿದ ಎಲ್ಲ ಕಡೆ ಕಾಂತಮ್ಮನದ್ದು. ಒಬ್ಬಳೇ ಮಗಳು ಬಿಂದುಶ್ರೀ, ದಿನಾ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಆ ರೈಲಿನಲ್ಲಿ ಮಾಲೂರಿನಲ್ಲಿ ಸುಧಾಕರ್ ಅನ್ನುವ ಹುಡುಗ ಹತ್ತುತ್ತಾನೆ. ಅವನಿಗೆ ಕಿಟಕಿ ಪಕ್ಕದ ಸೀಟು ದಿನಾ ಖಾಲಿ ಸಿಗುತ್ತಿತ್ತು. ಆ ಗುಂಪಿನಲ್ಲಿ, ಆ ಹೊತ್ತಿನಲ್ಲಿ, ಕಿಟಕಿ ಸೀಟು ತನ್ನಷ್ಟಕ್ಕೆ ತಾನೇ ಹೇಗೆ ಖಾಲಿ ಉಳಿಯುತ್ತದೆ ಅಂತ ಇಡೀ ಬೋಗಿಗೆ ಗೊತ್ತಿತ್ತು. ಗೊತ್ತಿಲ್ಲದವರು ಎರಡು ಮನೆಯ ಹಿರಿಯರು ಮಾತ್ರ. ಗೊತ್ತಾದ ಮೇಲೆ ಎರಡೂ ಮನೆಯವರು ಫೋನಿನಲ್ಲೇ ಮಾತಾಡಿಕೊಂಡು, ಇದನ್ನು ಹಿರಿಯರೇ ನೋಡಿ ತಂದ ಸಂಬಂಧ ಅಂತ ಪರಿಗಣಿಸುವುದೆಂದು ತೀರ್ಮಾನ ಮಾಡಿದರು. ಹಾಗಾಗಿ ಹೆಣ್ಣು ನೋಡುವ ಶಾಸ್ತ್ರ ಆಗಬೇಕಿತ್ತು.

ಹುಡುಗನ ತಾಯಿ ಸರಸ್ವತಮ್ಮ ಫೋನಿನಲ್ಲಿ ಒಂದೇ ಒಂದು ಮಾತು ಹಾಕಿದ್ದರು.

“ನಂಗೆ ಸೆಕೆ ಅಂದ್ರೆ ಆಗಾಕಿಲ್ಲ ಕಣಮ್ಮ. ನಮ್ಮನೇಲಿ ಮಲಗೋ ರೂಮು, ಕೂರೋ ರೂಮು ಎಲ್ಲಾ ಏಸಿ. ಸ್ಟೇಷನ್ನಿಂದ ನಿಮ್ಮನೆಗೆ ಎಂಗ್ ಬರೋದು?”

“ಅಯ್ಯೋ, ನಮ್ಮ ಕಾರಿಲ್ವ?” ಅಂದರು ಕಾಂತಮ್ಮ. “ಅದರಾಗೆ ಕುಂತ್ರೆ ಅಲ್ಲು ಕಟಕಟ ಅಂತವೆ. ನೀವು ಒಂದು ಶಾಲು ತಕಂಡೇ ಬನ್ನಿ.”

ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಹೇಳಿದ ಮೇಲೆ ಆಯಿತು. ಭಾನುವಾರ ಬೀಗರು ಬರುವುದಿತ್ತು. ಸೋಮವಾರ ಕಾರಿನ ಏಸಿ ಒಲೆ ಮುಂದೆ ಕೂತಂಥ ಗಾಳಿ ಬಿಟ್ಟಿತು.

“ಹೋದ ವರ್ಷ ಗ್ಯಾಸ್ ತುಂಬಿಸಿದ್ದೆ,” ಅಂದರು ವಿಶ್ವನಾಥ್. “ಮೆಕ್ಯಾನಿಕ್ ತುಂಬಿದ, ಎಲ್ಲಿ ಸೋರ್ತಿದೆ ಅಂತ ನೋಡಲಿಲ್ಲ. ನಾವೇ ಮನೇಲಿ ನೋಡಿ ಜಾಗ ತೋರಿಸಿದ್ರೆ ಅವನು ಅಲ್ಲಿರೋ ರಬ್ಬರ್ ಉಂಗುರ ಬದಲಾಯಿಸಿ ಮತ್ತೆ ಗ್ಯಾಸ್ ತುಂಬ್ತಾನೆ. ಮಧ್ಯಾಹ್ನದೊಳಗೆ ಮುಗಿದುಹೋಗುತ್ತೆ.”

ಮೊಬೈಲಿನ ವಿಡಿಯೋ ನೋಡಿಕೊಂಡು ಅವರು ಬಟ್ಟೆಸೋಪಿನ ಪುಡಿಯನ್ನು ನೀರಿಗೆ ಕಲಸಿ, ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಗೆ ತುಂಬಿದರು. ಬಾನೆಟ್ ಎತ್ತಿ, ಪೈಪಿಗೆ ಪೈಪು ಸೇರುವ ಒಂದೊಂದು ಜಾಗಕ್ಕೂ ಚಿಮುಕಿಸಿ ಕಾದರು. ಸೋರುವ ಕಡೆ ಗ್ಯಾಸು ನೊರೆಯನ್ನು ಊದಬೇಕು. ಕಾಂತಮ್ಮ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದ್ದರು. ರೇಡಿಯೇಟರ್ ಹತ್ತಿರದ ಒಂದು ಜಾಯಿಂಟಿನಲ್ಲಿ ಸಣ್ಣ ಗುಳ್ಳೆಯೊಂದು ಎದ್ದಿತು. ನಿದ್ದೆ ಹೋದ ಹಸುಗೂಸಿನ ಬಾಯಲ್ಲಿ ಏಳುತ್ತದಲ್ಲ, ಅಂಥದ್ದು. ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

“ರೀ, ಅಲ್ನೋಡ್ರೀ, ಉಸಿರಾಡ್ತೈತೆ!” ಎಂದು ಕಾಂತಮ್ಮ ಕೂಗಿದರು. “ಸಿಕ್ತು! ಸೋರಾದು ಸಿಕ್ಬುಡ್ತು!”

ಕಾಂತಮ್ಮನ ಗಂಟಲು ಎಂಥದ್ದೆಂದರೆ, ಅವರು ಹಿತ್ತಲಲ್ಲಿ ಕೋಳಿ ಓಡಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು ತಿರುಗಿ ನೋಡುತ್ತಾರೆ. ಆ ಒಂದು ಕೂಗಿಗೆ ಪಕ್ಕದ ಮನೆಯ ಕಿಟಕಿಯಲ್ಲಿ ಸೆಲ್ವರಾಜ್ ಮುಖ ಮೂಡಿತು. ಅರ್ಧ ಗಡ್ಡ ಕೆರೆದಿತ್ತು, ಅರ್ಧಕ್ಕೆ ನೊರೆ ಇತ್ತು.

“ತೊಡಾದೆಮ್ಮಾ, ಮುಟ್ಟಬೇಡಿ! ಯಾರೂ ಮುಟ್ಟಬಾರದು!”

ನೊರೆ ಮುಖದಲ್ಲೇ ಬಂದರು. ಒಂದು ಕೈಯಲ್ಲಿ ಸುಣ್ಣದ ಡಬ್ಬ, ಒಂದು ಕೈಯಲ್ಲಿ ಕೆಂಪು ಬಟ್ಟೆ. ಕಾರಿನ ಸುತ್ತ ಗೆರೆ ಎಳೆದರು. ವಿಶ್ವನಾಥ್ ಅವರನ್ನು ಭುಜ ಹಿಡಿದು ಗೆರೆಯಾಚೆ ನಿಲ್ಲಿಸಿದರು. ಕನ್ನಡಿಗೆ ಬಟ್ಟೆ ಕಟ್ಟಿದರು.

“ಸೆಲ್ವರಾಜಣ್ಣ, ಇದು ನಮ್ಮ ಕಾರು,” ಅಂದರು ಕಾಂತಮ್ಮ.

“ಕಾರು ನಿಮ್ದೇಮ್ಮಾ. ಸೋರಿಕೆ ಸಂಘದ್ದು.”

“ಸೋರಿಕೆ ಬುಟ್ಟು ಕಾರು ತಕಂಡು ಓಯ್ತೀವಿ, ಬುಡಿ.”

“ಸೋರಿಕೆ ಕಾರಿನ ಒಳಗೆ ಇದೆಯಲ್ಲಮ್ಮಾ. ಎಪ್ಪಡಿ ಪಿರಿಪ್ಪೀಂಗ? ಹೆಂಗೆ ಬೇರೆ ಮಾಡ್ತೀರ?”

ಕಾರು ಆಚೆ ಹೋಗಬೇಕಾದ ಆವರಣದ ಗೇಟಿನ ಬೀಗದ ಕೈ ಆಂಜಿನಪ್ಪನವರ ಉಡಿದಾರದಲ್ಲಿ ನೇತಾಡುತ್ತಿತ್ತು. ಕಾಂತಮ್ಮ ಅವರ ಮನೆಗೇ ಹೋದರು. ಅಧ್ಯಕ್ಷರು ಬಾಗಿಲಲ್ಲಿ ನಿಂತು, ಮೈ ಒರೆಸಿಕೊಳ್ಳುತ್ತಾ, ಬಹಳ ನಿಧಾನವಾಗಿ ಹೇಳಿದರು:

“ನಿಯಮ ಎಲ್ರಿಗೂ ಒಂದೇ ಕಣಮ್ಮ. ನನ್ನ ನಲ್ಲೀಗೂ ಒಂದೇ, ನಿನ್ನ ಕಾರ್ಗೂ ಒಂದೇ. ಓದ ಬೇಸಿಗೆನಾಗೆ ನಾನು ನಿಮ್ಮನೆ ಬಚ್ಚಲಿಗೆ ಬಂದಾಗ ನೀರು ಕಮ್ಮಿ ಸುರ್ಕೋ ಅಂತ ನೀನಂದೆ, ನೆಪ್ಪೈತಾ?”

ಅಂದೇ ನೋಟಿಸ್ ಬೋರ್ಡಿಗೆ ಪ್ರಕಟಣೆ ಬಿತ್ತು: “ಶ್ರೀ ವಿಶ್ವನಾಥ್ ಅವರ ಕಾರಿನಲ್ಲಿ ತಣ್ಣಗಿನ ಗಾಳಿ ಸೋರುತ್ತಿರುವುದಾಗಿ ಆಪಾದನೆ ಬಂದಿರುತ್ತದೆ. ಸೋರಿದ ಗಾಳಿಯು ಯಾರ ಮನೆಯೊಳಗಾದರೂ ಪ್ರವೇಶಿಸಿದ್ದಲ್ಲಿ ಸದರಿಯವರು ಅದನ್ನು ಬಳಸದೆ ಸಂಘಕ್ಕೆ ತಿಳಿಸತಕ್ಕದ್ದು.” ಓದಿದವರು ಯಾರೂ ನಗಲಿಲ್ಲ. ಮೂರನೇ ಸಾಲಿನ ಮನೆಯವರು ಮುನ್ನೆಚ್ಚರಿಕೆಗೆ ಕಿಟಕಿ ಮುಚ್ಚಿಕೊಂಡರು.

ಸ್ಥಳ ಪರಿಶೀಲನೆಗೆ ಬುಧವಾರದ ತನಕ ಕಾಯಬೇಕಾಯಿತು, ಏಕೆಂದರೆ ಸಂಘದ ಮೂರನೇ ಸದಸ್ಯ ಸೀನಪ್ಪ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರು; ಬುಧವಾರ ಮಧ್ಯಾಹ್ನಕ್ಕೆ ಮುಂಚೆ ಅವರಿಗೆ ಬಿಡುವಿರಲಿಲ್ಲ. ಮೂವರೂ ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಪರಿಶೀಲನೆ ನಡೆಯುವ ಮನೆಯವರು ಸದಸ್ಯರಿಗೆ ಬೋಂಡ ಕೊಡಬೇಕೆಂಬುದು ನಿಯಮದಲ್ಲಿ ಇಲ್ಲ. ಆದರೆ ಕೊಡದ ಮನೆಯಲ್ಲಿ ಪರಿಶೀಲನೆ ಶುರುವಾದ ದಾಖಲೆಯೂ ಇಲ್ಲ. ಕಾಂತಮ್ಮ ಮಗಳ ಮುಖ ನೆನೆಸಿಕೊಂಡು ಬಾಣಲೆ ಇಟ್ಟರು.

“ಗ್ಯಾಸ್ ಅಂದ್ಮೇಲೆ ವಾಸನೆ ಇರಬೇಕು,” ಎಂದು ಸೆಲ್ವರಾಜ್ ತಾಂತ್ರಿಕವಾಗಿ ಹೇಳಿದರು.

ಸೀನಪ್ಪ ಬಾನೆಟ್ಟಿನೊಳಗೆ ಮೂಗಿಟ್ಟು ಎಳೆದರು. “ಏಮೀ ಲೇದು ಕದಾ, ಏನೂ ಇಲ್ಲ. ಬೋಂಡದ ವಾಸ್ನೆ ಬತ್ತೈತೆ.”

“ನೀವು ತಿಂದ ಬೋಂಡ ಅದು ಸೀನಪ್ಪಣ್ಣ,” ಅಂದರು ಕಾಂತಮ್ಮ. “ಆರು ತಿಂದೀರ, ಎಂಜಿನ್ನಾಗೆ ಏನು ಬತ್ತದೆ?”

“ಇದಕ್ಕೆ ವಾಸನೆ ಇರೋಲ್ಲ ಸಾರ್,” ಎಂದು ವಿಶ್ವನಾಥ್ ಗೆರೆಯಾಚೆಯಿಂದ ಕೈ ಮುಗಿದರು. “ಸೋಪಿನ ನೀರು ಹಾಕಿ, ಗುಳ್ಳೆ ಕಾಣುತ್ತೆ. ಇವತ್ತೇ ಹಾಕಿ. ದಿನ ಹೋದಷ್ಟೂ ಗ್ಯಾಸ್ ಕಮ್ಮಿಯಾಗ್ತಿದೆ.”

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಥಳದಲ್ಲಿ ಬೋಂಡದ ವಾಸನೆ ಹರಡಿರುವುದರಿಂದ ಸಾಕ್ಷ್ಯ ಕಲುಷಿತವಾಗಿದೆ ಎಂದು ಷರಾ ಬರೆದು, ಕಲುಷಿತಗೊಳಿಸಿದ್ದು ಕಾಂತಮ್ಮ ಎಂದು ಸೇರಿಸಿ, ಸಭೆಯನ್ನು ಶುಕ್ರವಾರಕ್ಕೆ ಮುಂದೂಡಿದರು. ಉಳಿದ ಬೋಂಡವನ್ನು ಸಾಕ್ಷ್ಯವೆಂದು ಸೀನಪ್ಪ ಕಟ್ಟಿಸಿಕೊಂಡು ಹೋದರು.

ಅಂದಿನಿಂದ ಕಾಂತಮ್ಮನಿಗೆ ಒಂದೇ ಕೆಲಸ. ಬೆಳಗಾದರೆ ಗೆರೆಯ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ಇಸ್ತ್ರಿ ಬಾಟಲಿಯನ್ನು ತೋಳು ಚಾಚಿ ಹಿಡಿದು, ದೂರದಿಂದಲೇ ಆ ಜಾಯಿಂಟಿಗೆ ಚಿಮುಕಿಸುವುದು. ಕಾಲು ಗೆರೆ ದಾಟುತ್ತಿರಲಿಲ್ಲ, ನೀರು ದಾಟುತ್ತಿತ್ತು. ನೀರಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಗುರುವಾರ ಗುಳ್ಳೆ ಸಾಸಿವೆಯಷ್ಟಾಗಿತ್ತು. ಶುಕ್ರವಾರ ನೊರೆ ಸುಮ್ಮನೆ ಜಾರಿ ಕೆಳಗಿಳಿಯಿತು. ಕಾಂತಮ್ಮ ಬಾಟಲಿ ಇಳಿಸಿ ಗಂಡನ ಕಡೆ ತಿರುಗಿದರು.

“ಓಯ್ತೇನ್ರೀ?”

“ಹೋಯ್ತು ಕಾಂತಾ. ಇದ್ದಬದ್ದದ್ದೆಲ್ಲ ಆಚೆ ಹೋಗಿದೆ. ಇನ್ನು ಊದೋಕೆ ಒಳಗೆ ಏನೂ ಇಲ್ಲ.”

ಬಿಂದುಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಅಮ್ಮಾ, ಆಟೋದಲ್ಲಿ ಕರ್ಕೊಂಡು ಬಂದ್ರಾಯ್ತು ಬಿಡು,” ಅಂದಳು. ಅಂದವಳು ಒಳಗೆ ಹೋಗಿ ಸುಧಾಕರನಿಗೆ ಫೋನು ಮಾಡಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಕಾಂತಮ್ಮ ಗೋಡೆಗೆ ಕಿವಿ ಕೊಟ್ಟರು, ಕೊಟ್ಟೇ ಕೊಡುತ್ತಾರೆ. “ಇವರು ಹೇಳಿದ ಮೊದಲ ಮಾತೇ ಸುಳ್ಳು ಅಂತ ನಿಮ್ಮಮ್ಮ ಅಂದ್ಬಿಟ್ರೆ?” ಎನ್ನುವುದಷ್ಟು ಕೇಳಿಸಿತು. ಆಮೇಲೆ ಮೂಗು ಎಳೆದುಕೊಂಡ ಸದ್ದು. ಕಾಂತಮ್ಮ ಗೋಡೆ ಬಿಟ್ಟು ಅಡಿಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನು ಇನ್ನೊಂದು ಸಲ ತೊಳೆದರು.

ಶುಕ್ರವಾರದ ಸಭೆ ವೈಜ್ಞಾನಿಕವಾಗಿ ನಡೆಯಿತು. ಸೋರುವ ಜಾಗ ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ ಎಂದು ಸೀನಪ್ಪನಿಗೆ ಯಾರೋ ಹೇಳಿದ್ದರಂತೆ. ಅವರ ಅಂಗಡಿಯಲ್ಲಿ ಕಳ್ಳನೋಟು ನೋಡುವ ನೀಲಿ ದೀಪವಿತ್ತು. ಅದನ್ನೇ ತಂದರು.

“ಮೊದಲು ಗ್ಯಾಸಿನ ಜೊತೆ ಒಂದು ಬಣ್ಣ ಒಳಗೆ ಸೇರಿಸಬೇಕು ಸಾರ್,” ಅಂದರು ವಿಶ್ವನಾಥ್. “ಆ ಬಣ್ಣ ಸೋರಿ ಆಚೆ ಬಂದ ಕಡೆ ಹೊಳೆಯುತ್ತೆ. ಬಣ್ಣ ಹಾಕದೆ ದೀಪ ಬಿಟ್ರೆ ಏನು ಕಾಣುತ್ತೆ?”

“ನೀವಾಗಿ ಬಣ್ಣ ಹಾಕಿ, ನೀವೇ ಬಣ್ಣ ಕಂಡುಹಿಡಿಯೋದಾ?” ಅಂದರು ಸೆಲ್ವರಾಜ್. “ಅದು ಸಾಕ್ಷ್ಯ ಸೃಷ್ಟಿ. ಸಂಘ ಒಪ್ಪೋದಿಲ್ಲ.”

ಬಿಸಿಲು ತಡೆಯಲು ಕಾಂತಮ್ಮನ ಮನೆಯ ದಪ್ಪ ಜಮಖಾನ ತಂದು ಬಾನೆಟ್ಟಿನ ಮೇಲೆ ಹೊದಿಸಿ, ಮೂವರೂ ಒಳಗೆ ತೂರಿದರು. ಹೊರಗೆ ಆರು ಕಾಲು ಮಾತ್ರ ಕಾಣುತ್ತಿತ್ತು. ಒಳಗಿಂದ ಸೀನಪ್ಪ ಕಿರುಚಿದರು.

“ಒಳೀತೈತೆ! ಅಬ್ಬಬ್ಬ, ಏನ್ ಒಳಪು!”

“ಎಲ್ಲಿ? ಎಲ್ಲಿ?”

“ಇಲ್ಲಿ, ಇಲ್ಲಿ, ಕೆಳಗೆ!”

“ಬುಡ್ಲಾ ಸೀನ, ಅದು ನನ್ನ ಪಂಚೆ!” ಎಂದು ಆಂಜಿನಪ್ಪನವರ ದನಿ ಕೇಳಿತು.

ಅಧ್ಯಕ್ಷರ ಸೊಸೆ ಪಂಚೆಗೆ ನೀಲಿ, ಬಿಳುಪಿನ ಪುಡಿ ಎಲ್ಲ ಹಾಕಿ ಒಗೆಯುವವಳು. ಆ ದೀಪಕ್ಕೆ ಅದು ದೀಪಾವಳಿಯ ಹಾಗೆ ಹತ್ತಿಕೊಂಡಿತ್ತು. ವರದಿಯಲ್ಲಿ ಹೀಗೆ ಬರೆಯಲಾಯಿತು: “ಕಾರಿನ ಯಾವ ಭಾಗವೂ ಹೊಳೆದಿರುವುದಿಲ್ಲ. ಅಧ್ಯಕ್ಷರ ಪಂಚೆ ಹೊಳೆದಿರುತ್ತದೆ. ಆದ್ದರಿಂದ ಸೋರಿಕೆಯು ಕಾರಿನಲ್ಲಿ ಇರುವ ಬಗ್ಗೆ ಅನುಮಾನವಿದ್ದು, ಪಂಚೆಯ ಬಗ್ಗೆ ಪ್ರತ್ಯೇಕವಾಗಿ ವಿಚಾರಣೆ ನಡೆಸುವುದು.” ಪಂಚೆಗೆ ಅಲ್ಲೇ ಕೆಂಪು ಬಟ್ಟೆ ಕಟ್ಟಿದರು. ಅಧ್ಯಕ್ಷರು ಅದನ್ನು ಮುಟ್ಟುವಂತಿಲ್ಲವಾದ್ದರಿಂದ, ಮನೆಗೆ ಹೋಗಿ ಬಿಚ್ಚುವುದು ಹೇಗೆ ಎಂಬ ಬಗ್ಗೆ ಸ್ವಲ್ಪ ಹೊತ್ತು ಚರ್ಚೆಯಾಯಿತು.

ಶನಿವಾರ ಕೊನೆಯ ಪರೀಕ್ಷೆ. ಸೆಲ್ವರಾಜ್ ಖುದ್ದಾಗಿ ಸೋಪಿನ ನೀರು ಚಿಮುಕಿಸಿದರು. ಮೂವರೂ ನೋಡಿದರು. ನೊರೆ ಅಲ್ಲಾಡಲಿಲ್ಲ.

“ಗುಳ್ಳೆ ಇಲ್ಲ. ಸೋರಿಕೆ ಇಲ್ಲ,” ಅಂದರು ಸೆಲ್ವರಾಜ್.

“ಗ್ಯಾಸ್ ಪೂರ್ತಿ ಖಾಲಿಯಾಗಿದೆ ಸಾರ್, ಅದಕ್ಕೇ ಗುಳ್ಳೆ ಬರ್ತಿಲ್ಲ,” ಅಂದರು ವಿಶ್ವನಾಥ್. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಕ್ವಾರ್ಟರ್ಸಿನವರು ಅದುವರೆಗೆ ಕೇಳಿರಲಿಲ್ಲ. “ನಾವು ಸೋಮವಾರ ಕಣ್ಣಾರೆ ನೋಡಿದ್ವಿ!”

“ಈಗ ಖಾಲಿ ಅಂತೀರಾ?”

“ಹೌದು ಸಾರ್, ಖಾಲಿ.”

“ಖಾಲಿ ಆದ್ಮೇಲೆ ಸೋರೋದು ಎಲ್ಲಿಂದ ಸಾರ್? ನೀವೇ ಒಪ್ಪಿಕೊಂಡ್ರಿ. ಬರ್ಕೋ ಸೀನಪ್ಪ.”

ಕೆಂಪು ಬಟ್ಟೆ ಬಿಚ್ಚಿದರು. ಕಾಂತಮ್ಮ ಗಂಡನ ಕೈ ಚಿವುಟಿದರು. ಇನ್ನೂ ಮಧ್ಯಾಹ್ನ, ಮೆಕ್ಯಾನಿಕ್ ಅಂಗಡಿ ಸಂಜೆವರೆಗೂ ತೆರೆದಿರುತ್ತದೆ, ಬೀಗದ ಕೈ ಸಿಕ್ಕಿದರೆ ಸಾಕು. ಆದರೆ ಸೋರಿಕೆ ಇಲ್ಲವೆಂದು ತೀರ್ಮಾನವಾದ ವಾಹನವನ್ನು ಸಂಘ ಒಮ್ಮೆ ಓಡಿಸಿ ನೋಡುವುದು ಅಗತ್ಯವೆಂದು ಆಗತಾನೇ ನಿಯಮವಾಯಿತು. ಬಂಗಾರಪೇಟೆಗೆ ಹೋಗಿಬರುವುದೆಂದಾಯಿತು. ಆಂಜಿನಪ್ಪನವರ ಹಸುವಿಗೆ ಬೂಸಾ ಆಗಬೇಕಿತ್ತು. ಸೀನಪ್ಪನ ಅಂಗಡಿಗೆ ಬೆಲ್ಲ ಬರಬೇಕಿತ್ತು. ಸೆಲ್ವರಾಜ್ ಅತ್ತೆಯನ್ನು ರೈಲು ಹತ್ತಿಸಬೇಕಿತ್ತು, ಅದಂತೂ ಬಹಳ ತುರ್ತಾಗಿತ್ತು. ಈ ಮೂರೂ ಕಾಕತಾಳೀಯ.

ವಿಶ್ವನಾಥ್ ಓಡಿಸಿದರು. ಕಾಂತಮ್ಮ ಹಟ ಹಿಡಿದು ಹಿಂದೆ ಒತ್ತಿಕೊಂಡು ಕೂತರು. ಏಸಿ ಕಾರಾದ್ದರಿಂದ ಕಿಟಕಿ ಏರಿಸತಕ್ಕದ್ದು ಎಂದು ಸೆಲ್ವರಾಜ್ ಅಪ್ಪಣೆ ಮಾಡಿದರು. ಏಪ್ರಿಲ್ ತಿಂಗಳ ಬಿಸಿಲು. ಪೇಟೆ ದಾಟುವಷ್ಟರಲ್ಲಿ ಸೀನಪ್ಪನ ಬನಿಯನ್ನಿನ ತೂತುಗಳು ಅಂಗಿಯ ಮೇಲಿಂದಲೇ ಎಣಿಸುವ ಹಾಗೆ ಕಾಣಿಸಿದವು. ಅತ್ತೆ ಕಣ್ಣು ಮುಚ್ಚಿ ರಾಮನಾಮ ಶುರುಮಾಡಿದರು.

“ಎಂಗೈತೆ?” ಎಂದು ಕಾಂತಮ್ಮ ಕೇಳಿದರು.

ಸೆಕೆ ಅಂದರೆ ಸೋರಿಕೆ ಇತ್ತು ಅಂತಾಗುತ್ತದೆ. ಸೋರಿಕೆ ಇತ್ತು ಅಂದರೆ ಸಹಿ ಹಾಕಿದವರ ಮಾನ ಹೋಗುತ್ತದೆ. ಆಂಜಿನಪ್ಪ ಗಂಟಲು ಸರಿಮಾಡಿಕೊಂಡರು.

“ವಸಿ ಜಾಸ್ತೀನೇ ಐತೆ, ತಂಪು.”

“ಕುಳಿರುದು,” ಅಂದರು ಸೆಲ್ವರಾಜ್. “ಚಳಿ ಆಗ್ತಾ ಇದೆಮ್ಮಾ.” ಅಂದು ಅತ್ತೆಯ ಚೀಲದಿಂದ ಮಫ್ಲರ್ ಎಳೆದು ಕತ್ತಿಗೆ ಸುತ್ತಿಕೊಂಡರು. ಅವರ ಹಣೆಯಿಂದ ಇಳಿದ ಹನಿ ಮಫ್ಲರಿನೊಳಗೇ ಸೇರಿತು.

ಕಾಂತಮ್ಮ ಅದನ್ನು ನೋಡಿದರು. ನೋಡುತ್ತಲೇ ಇದ್ದರು. ಸೋಮವಾರದಿಂದ ಗಂಟಿಕ್ಕಿಕೊಂಡಿದ್ದ ಅವರ ಹುಬ್ಬು ಬಂಗಾರಪೇಟೆ ಬರುವಷ್ಟರಲ್ಲಿ ಮೆಲ್ಲಗೆ ಬಿಚ್ಚಿಕೊಂಡಿತು. ಬೂಸಾ ಮೂಟೆ, ಬೆಲ್ಲದ ಅಚ್ಚು ಎಲ್ಲ ತುಂಬಿಕೊಂಡು ವಾಪಸ್ಸು ಬರುವ ಹೊತ್ತಿಗೆ ಮೆಕ್ಯಾನಿಕ್ ಅಂಗಡಿಯ ಷಟರ್ ಎಳೆದಿತ್ತು. ಕಾಂತಮ್ಮ ಗೇಟಿನ ಹತ್ತಿರ ಇಳಿದು, ಸೆರಗು ಹೊದ್ದು, ಬಹಳ ವಿನಯವಾಗಿ ಹೇಳಿದರು:

“ಅಣ್ಣ, ಪ್ರಮಾಣಪತ್ರದಾಗೆ ಸೋರಿಕೆ ಇಲ್ಲ ಅಂತ ಬರ್ದೀರಲ್ಲ, ಸಂತೋಷ. ಅದರ ಕೆಳಕ್ಕೆ ಕಾರು ತಣ್ಣಗೈತೆ ಅಂತ ಒಂದು ಸಾಲು ಸೇರ್ಸಿಬುಡಿ. ನೀವೇ ಕುಂತು ನೋಡಿದ್ರಲ್ಲ, ಚಳೀಲಿ ನಡುಗಿದ್ರಿ.”

ಮೂವರೂ ಬೆವರು ಒರೆಸಿಕೊಂಡು ಸೇರಿಸಿದರು. ಸೀಲು ಒತ್ತಿದರು.

ಭಾನುವಾರ ಪ್ರಮಾಣಪತ್ರವನ್ನು ಮುಂದಿನ ಗಾಜಿಗೆ ಅಂಟಿಸಿದ್ದರು, ಅಕ್ಷರ ಒಳಗಡೆಗೆ ಇರುವಂತೆ. ಹೊರಗಿನವರಿಗಿಂತ ಒಳಗೆ ಕೂತವರಿಗೇ ಅದರ ಅಗತ್ಯ ಹೆಚ್ಚಲ್ಲವೇ. ಸಂಘದ ವೀಕ್ಷಕರಾಗಿ ಸೆಲ್ವರಾಜ್ ಮಂಕಿ ಟೋಪಿ ಹಾಕಿಕೊಂಡು ಮುಂದೆ ಕೂತರು. ಕಾಂತಮ್ಮ ರೇಷ್ಮೆ ಸೀರೆಯ ಮೇಲೆ ಕೆಂಪು ಸ್ವೆಟರ್ ತೊಟ್ಟು, ಹೆಗಲಿಗೆ ಶಾಲು ಹಾಕಿಕೊಂಡಿದ್ದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾಫಿ ಮಾರುವವನು ಅವರನ್ನು ನೋಡಿ, ತನ್ನ ಕ್ಯಾನನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಸರಸ್ವತಮ್ಮ ಮಗನ ಜೊತೆ ಇಳಿದರು. ಗಟ್ಟಿ ಹೆಂಗಸು, ದೊಡ್ಡ ಕುಂಕುಮ, ಕೈಯಲ್ಲಿ ಬಟ್ಟೆ ಚೀಲ. ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಗಾಜು ಏರಿದ ಮೇಲೆ ಸೀಟಿಗೆ ಒರಗಿದರು. ಅವರ ಮೇಲ್ದುಟಿಯ ಮೇಲೆ ಹನಿ ಸಾಲಾಗಿ ಮೂಡತೊಡಗಿತು.

“ಇದು… ಆನ್ ಆಗೈತಾ?”

ಸೆಲ್ವರಾಜ್ ಟೋಪಿಯೊಳಗಿಂದ ತಿರುಗಿದರು. “ಅಮ್ಮಾ, ಸೀಲು ಇದೆ ನೋಡಿ. ತಣ್ಣಗಿದೆ ಅಂತ ಬರೆದಿದೆ.”

ಸರಸ್ವತಮ್ಮ ಅದನ್ನು ಎರಡು ಸಲ ಓದಿದರು. ಕಾಂತಮ್ಮ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಬಗ್ಗಿ ಹೇಳಿದರು:

“ನಿಮ್ಗೆ ಏನು ಏಳಾದು, ನಿಮ್ಮನೇಲಿ ಎಲ್ಲಾ ಏಸಿ. ಅಭ್ಯಾಸ ಇರೋರು. ಈ ಕಾರ್ದು ಒಂದು ತರ ಅತ್ತಿಗೆಮ್ಮ, ಏಸೀನೇ ಕಾಣ್ದೋರು ಕುಂತ್ರೆ ಮೊದ್ಲು ಬಿಸಿ ಅಂತ ಅನ್ನಿಸ್ತದಂತೆ. ನಮ್ಮ ಸೀನಪ್ಪಂಗೂ ಅಂಗೇ ಆಯ್ತು, ಪಾಪ, ಅವ್ರ ಮನೇಲಿ ಫ್ಯಾನೂ ನೆಟ್ಗಿಲ್ಲ.”

ಸರಸ್ವತಮ್ಮ ಕಾಂತಮ್ಮನ ಮುಖ ನೋಡಿದರು. ಅವರ ಕೈ ತಾನಾಗಿ ಬಟ್ಟೆ ಚೀಲದ ಕಡೆ ಹೋಗಿ, ಅಲ್ಲೇ ನಿಂತು, ವಾಪಸ್ಸು ಬಂತು. ಕಾಂತಮ್ಮನ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಚೀಲದ ಬಾಯಿಂದ ಬೀಸಣಿಗೆಯ ಹಿಡ್ಕೆಯೊಂದು ಇಣುಕುತ್ತಿತ್ತು. ಹಿಡಿದೂ ಹಿಡಿದೂ ಬಿದಿರು ಕರ್ರಗೆ ಮಿರುಗುತ್ತಿತ್ತು. ತುದಿಗೆ ಹಳೇ ಸೀರೆಯ ತುಂಡು ಸುತ್ತಿತ್ತು. ರೂಮು ರೂಮಿಗೂ ಏಸಿ ಇದ್ದವರ ಬೀಸಣಿಗೆ ಅಷ್ಟು ಸವೆಯುವುದಿಲ್ಲ.

ಬೇರೆ ದಿನವಾಗಿದ್ದರೆ ಕಾಂತಮ್ಮ ಈ ಸುದ್ದಿಯನ್ನು ಕ್ವಾರ್ಟರ್ಸಿಗೆಲ್ಲ ಒಂದು ವರ್ಷ ಬಡಿಸುತ್ತಿದ್ದರು. ಅಂದು ತಮ್ಮ ಶಾಲು ತೆಗೆದು ಸರಸ್ವತಮ್ಮನಿಗೆ ಹೊದಿಸುವ ನೆಪದಲ್ಲಿ, ಅದರ ಅಂಚನ್ನು ಆ ಹಿಡ್ಕೆಯ ಮೇಲೆ ಎಳೆದು ಮುಚ್ಚಿಬಿಟ್ಟರು. ಸರಸ್ವತಮ್ಮ ನೋಡಿದರು. ಕಾಂತಮ್ಮ ನೋಡಿದ್ದನ್ನೂ ನೋಡಿದರು.

ಮುಂದೆ ವಿಶ್ವನಾಥ್ ಗೇರು ಬದಲಾಯಿಸುವುದನ್ನು ಮರೆತಿದ್ದರು.

“ಅಮ್ಮಾ, ನಿನ್ನ ಮುಖ ಕೆಂಪಾಗಿದೆ. ಕಿಟಕಿ ಸ್ವಲ್ಪ ಇಳಿಸ್ಲಾ?” ಎಂದು ಸುಧಾಕರ್ ಕೇಳಿದ.

“ಸುಮ್ಕಿರಲಾ,” ಅಂದರು ಸರಸ್ವತಮ್ಮ. “ತಣ್ಣಗಿರೋದೆಲ್ಲ ಆಚೆ ಓಗ್ತದೆ.” ಆಮೇಲೆ ಶಾಲನ್ನು ಕತ್ತಿನವರೆಗೆ ಎಳೆದುಕೊಂಡು, ಹಲ್ಲು ಕಟಕಟ ಅನ್ನಿಸಿದರು. “ಕಾಂತಮ್ಮ, ಯಜಮಾನ್ರಿಗೆ ಏಳಿ, ವಸಿ ಕಮ್ಮಿ ಮಾಡ್ಲಿ. ನಮ್ಮನೇ ಏಸಿ ಇಷ್ಟು ಜೋರಿಲ್ಲ.”

“ರೀ, ಬೀಗ್ರಿಗೆ ಚಳಿ ಅಂತೆ, ವಸಿ ಕಮ್ಮಿ ಮಾಡ್ರೀ!”

ವಿಶ್ವನಾಥ್ ಯಾವುದೋ ಗುಂಡಿ ತಿರುಗಿಸಿದರು. “ಈಗ ಪರವಾಗಿಲ್ಲ,” ಅಂದರು ಸರಸ್ವತಮ್ಮ.

ಬೀಗರು ಅನ್ನುವ ಮಾತು ಅಲ್ಲೇ ಬಂದುಹೋಗಿದ್ದರಿಂದ, ಮನೆ ತಲುಪಿ ಹೆಣ್ಣು ನೋಡಿದ್ದು ಬರಿಯ ಶಾಸ್ತ್ರವಾಯಿತು. ಬಿಂದುಶ್ರೀ ಕಾಫಿ ತಂದಾಗ ಸರಸ್ವತಮ್ಮ ತಟ್ಟೆ ಕೆಳಗಿಡುವ ಮುಂಚೆಯೇ ಹೂವು ಮುಡಿಸಿದರು. “ಈ ಮನೆಯೋರು ಮಾತು ಕಾಪಾಡೋ ಜನ,” ಎಂದು ಮಗನಿಗೆ ಎಲ್ಲರೆದುರು ಹೇಳಿದರು. ಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಹಾಗೆಯೇ ಕತ್ತು, ಬೆನ್ನು, ಎರಡೂ ಮೊಣಕೈ.

ಮದುವೆ ಇದೇ ಮೇ ತಿಂಗಳಲ್ಲಿ ಆಯಿತು. ಅಷ್ಟರಲ್ಲಿ ಕ್ವಾರ್ಟರ್ಸಿನ ಏಸಿ ಕೆಟ್ಟ ಕಾರುಗಳೆಲ್ಲ ಸಾಲಾಗಿ ನಿಂತು ಪ್ರಮಾಣಪತ್ರ ಪಡೆದುಕೊಂಡವು. ಆಮೇಲೆ ಮೊದಲಿನಿಂದಲೂ ಏಸಿಯೇ ಇಲ್ಲದ ಒಂದು ವ್ಯಾನು ಪಡೆಯಿತು. ಆಂಜಿನಪ್ಪನವರ ಪಂಚೆಯೂ ವಿಚಾರಣೆ ಮುಗಿಸಿಕೊಂಡು ಬಿಡುಗಡೆಯಾಯಿತು. ಪೇಟೆಯಲ್ಲಿ ಈಗ ಕಿಟಕಿ ಏರಿಸಿದ ಕಾರಿನಲ್ಲಿ ಮಫ್ಲರ್ ಸುತ್ತಿದವರು ಕಂಡರೆ, ಹಳೇ ಕ್ವಾರ್ಟರ್ಸಿನವರು ಎಂದು ಟ್ರಾಫಿಕ್ಕಿನವರು ಗೌರವದಿಂದ ದಾರಿ ಬಿಡುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಹೊಸ ಪ್ರಕಟಣೆ ಇದೆ: “ಪ್ರಮಾಣಿತ ವಾಹನಗಳಲ್ಲಿ ಪ್ರಯಾಣಿಸುವವರ ಮೈಮೇಲೆ ಕಂಡುಬರುವ ತೇವವನ್ನು ಇಬ್ಬನಿ ಎಂದು ಪರಿಗಣಿಸತಕ್ಕದ್ದು.”

ವಿಶ್ವನಾಥ್ ಒಂದು ದಿನ ಪೇಟೆಗೆ ಹೋಗಿ ಆ ಜಾಯಿಂಟಿನ ರಬ್ಬರ್ ಉಂಗುರ ತಂದರು. ಕಿರುಬೆರಳಿಗೆ ಬರುವಷ್ಟು ಚಿಕ್ಕದು, ಕರ್ರಗಿತ್ತು. ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದರು.

“ಇಷ್ಟೇ ಕಾಂತಾ. ಇದನ್ನ ಹಾಕಿಸಿ ಗ್ಯಾಸ್ ತುಂಬಿಸಿದ್ರೆ ನಿಜವಾಗಿ ತಣ್ಣಗಾಗುತ್ತೆ.”

“ನಿಮ್ಗೆ ಬುದ್ಧಿ ಯಾವಾಗ ಬತ್ತದೆ?” ಅಂದರು ಕಾಂತಮ್ಮ. “ಈಗ ತಣ್ಣಗಾದ್ರೆ, ಮೊದ್ಲು ಆಗಿರ್ಲಿಲ್ಲ ಅಂತ ಬೀಗ್ರಿಗೆ ಗೊತ್ತಾಗಾಕಿಲ್ವ? ಮಗಳು ಬಾಳೋದು ಬ್ಯಾಡ್ವ?”

ವಿಶ್ವನಾಥ್ ಯೋಚಿಸಿದರು. ಅದು ಸರಿ ಎನಿಸಿತು. ಉಂಗುರವನ್ನು ಸೂಜಿ ದಾರದ ಡಬ್ಬಿಗೆ ಹಾಕಿದರು. ಹೊರಗೆ ಅಳಿಯನ ಊರಿಗೆ ಹೊರಟ ಕಾರು ಬಿಸಿಲಿನಲ್ಲಿ ನಿಂತಿತ್ತು, ಬಾಗಿಲ ಹಿಡಿ ಕೈ ಸುಡುತ್ತಿತ್ತು. ಕಾಂತಮ್ಮ ಒಳಗೆ ಕೂತು, ಗಾಜು ಏರಿಸಿ, ಪಕ್ಕದ ಸೀಟು ತಡವಿದರು.

“ರೀ, ನನ್ನ ಸ್ವೆಟರ್ ಮರ್ತ್ಬುಟ್ಟೆ,” ಅಂದರು. “ಓಗಿ ತತ್ತೀರಾ? ಅಂಗೇ ನಿಮ್ದೂ ತಕಂಡು ಬನ್ನಿ.”